ನಮ್ಮವನೇ ಒಬ್ಬ ತೆಗೆದದ್ದು

"ನೀನು ಹೇಗೂ ಊಟಕ್ಕೆ ಬರ್ತೀಯಲ್ಲ ಮಾರಾಯ, ಬರುವಾಗ ಆ ಕ್ಯಾಮೆರಾ ಒಂದು ಹಿಡ್ಕೊಂಡು ಬಾ."

ಉಡುಪಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವನಿಗೆ ಮದುವೆಯ ಕರೆಯೋಲೆ ಬರುವುದು ಹೀಗೆ. ಈ ಮಾತಿನಲ್ಲಿ ಬಲು ಅಪಾಯದ ಶಬ್ದ 'ಹೇಗೂ'. ಹೇಗೂ ಬರ್ತಿ, ಹೇಗೂ ಸುಮ್ಮನೆ ನಿಂತಿರ್ತಿ, ಹೇಗೂ ನಿನ್ನ ಹತ್ತಿರ ಅದು ಉಂಟು. ಮಳೆಗಾಲದಲ್ಲಿ ಕೊಡೆ ತರಲು ಹೇಳಿದ ಹಾಗೆ. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಬೇರೆಯೇ ಇರುತ್ತಾನೆ, ನಾನು 'ಸುಮ್ಮನೆ ಒಂದೆರಡು' ತೆಗೆದರೆ ಸಾಕು. ಆ ಒಂದೆರಡು ಸಂಜೆಯ ಹೊತ್ತಿಗೆ ಆರುನೂರು ದಾಟಿರುತ್ತದೆ. ಧಾರೆ ಮುಗಿದು, ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿ, 'ಅಜ್ಜಿ ಇನ್ನು ಸ್ವಲ್ಪ ಇತ್ತ' ಎಂದು ಗಂಟಲು ಹರಿದುಕೊಂಡು ಕೊನೆಯ ಪಂಕ್ತಿಗೆ ಕೂತರೆ ಹೋಳಿಗೆ ಖಾಲಿ. ಗುಳ್ಳದ ಹುಳಿ ಮಾತ್ರ ಧಾರಾಳ.

ಗುಳ್ಳ ಅಂದಾಗ ನೆನಪಾಯಿತು. ಮಟ್ಟು ಊರಿನ ಈ ಬದನೆಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಬೀಜ ಕೊಟ್ಟವರು ಯತಿ ವಾದಿರಾಜರು ಎಂದು ಊರೆಲ್ಲ ಈಗಲೂ ಹೇಳುತ್ತದೆ. ನಾನೂರು ವರ್ಷ ಕಳೆದರೂ ಒಂದು ಬದನೆಕಾಯಿ ಯಾರು ಕೊಟ್ಟದ್ದು, ಯಾವ ಊರಿನದ್ದು ಎಂಬುದು ನಮಗೆ ಮರೆತಿಲ್ಲ. ಮೊನ್ನೆ ಮದುವೆಯ ಫೋಟೋ ಯಾರು ತೆಗೆದದ್ದು ಅಂದರೆ ಮಾತ್ರ, "ಅದಾ? ನಮ್ಮವನೇ ಒಬ್ಬ ತೆಗೆದದ್ದು."

ಹೋದ ವರ್ಷ ಗೆಳೆಯನ ಮನೆಯಲ್ಲಿ ಹರಕೆಯ ಆಟ, ಅಂದರೆ ಯಕ್ಷಗಾನ. 'ಹೇಗೂ ಆಟ ನೋಡ್ಲಿಕ್ಕೆ ಬರ್ತಿ' ಎಂದ. ಸಂಜೆಯೇ ವೇಷ ಕಟ್ಟುವ ಚೌಕಿಗೆ ಹೋಗಿ ಕೂತೆ. ಬಣ್ಣದ ವೇಷದವರು ಕನ್ನಡಿ ಹಿಡಿದು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟಿನ ಒಂದೊಂದೇ ಮುಳ್ಳು ಮುಖದ ಮೇಲೆ ಏಳುವುದನ್ನು ನೋಡುತ್ತಾ ಇದ್ದರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಆಮೇಲೆ ರಂಗಸ್ಥಳದ ಎದುರು ಚಕ್ಕಳಮಕ್ಕಳ ಕೂತು ಕಾದೆ. ಆಟದ ಫೋಟೋ ಎಂದರೆ ಚೆಂಡೆಯ ಜೊತೆ ಪಂಥ. ಷಟರ್ ನಿಧಾನ ಇಟ್ಟರೆ ವೇಷವೇ ಕಲಸಿದ ಕುಂಕುಮ. ವೇಗ ಇಟ್ಟರೆ ಗಿರ್ಕಿ ಹೊಡೆಯುವವರು ಗೊಂಬೆಯ ಹಾಗೆ ಗಕ್ಕನೆ ನಿಂತುಬಿಡುತ್ತಾರೆ, ಗಿರ್ಕಿಯೇ ಕಾಣುವುದಿಲ್ಲ. ಎರಡರ ನಡುವೆ ಎಲ್ಲೋ ಒಂದು ಕಡೆ ಮುಖ ನಿಂತು ಉಡುಗೆ ಮಾತ್ರ ತಿರುಗಬೇಕು. ಬೆಳಗಿನ ಜಾವ ಮಹಿಷಾಸುರ ದೊಂದಿಯ ನಡುವೆ ನುಗ್ಗಿ ಬಂದಾಗ ಅದು ಸಿಕ್ಕಿತು. ಒಂದೇ ಒಂದು. ರಾಳದ ಹೊಗೆಗೆ ಕಣ್ಣು ಉರಿಯುತ್ತಿತ್ತು, ಆದರೂ ಸಿಕ್ಕಿದ್ದು ಗೊತ್ತಾಯಿತು.

ಎರಡು ತಿಂಗಳ ನಂತರ ಅದೇ ಮಹಿಷಾಸುರ ಹೆದ್ದಾರಿಯ ಬದಿ ಹತ್ತಡಿ ಎತ್ತರದ ಫ್ಲೆಕ್ಸಿನಲ್ಲಿ ನಿಂತಿದ್ದ. ಸ್ಕೂಟರ್ ನಿಲ್ಲಿಸಿ ಓದಿದೆ. ಭಾಗವತರ ಹೆಸರು, ಚೆಂಡೆ, ಮದ್ದಳೆ, ಧ್ವನಿ ಮತ್ತು ಬೆಳಕು, ಊಟದ ವ್ಯವಸ್ಥೆ, ಶುಭ ಕೋರುವ ಇಪ್ಪತ್ತೆರಡು ಮಂದಿಯ ಪಾಸ್‌ಪೋರ್ಟ್ ಸೈಜಿನ ಮುಖ, ಕೆಳಮೂಲೆಯಲ್ಲಿ ಫ್ಲೆಕ್ಸ್ ಮುದ್ರಿಸಿದವರ ಮೊಬೈಲ್ ನಂಬರ್. ಮಹಿಷಾಸುರ ಮಾತ್ರ ಸ್ವಯಂಭೂ.

ಗೆಳೆಯನಿಗೆ ಹೇಳಬಹುದಿತ್ತು. ಆದರೆ ಏನೆಂದು ಹೇಳುವುದು? ದುಡ್ಡು ಕೇಳುವುದು ಇದಕ್ಕಿಂತ ಸುಲಭ. ದುಡ್ಡು ಕೇಳಿದರೆ ಕಷ್ಟದಲ್ಲಿದ್ದಾನೆ ಅಂದುಕೊಳ್ಳುತ್ತಾರೆ, ಹೆಸರು ಹಾಕು ಎಂದರೆ ಇವನಿಗೆ ಹೆಸರಿನ ಹುಚ್ಚು ಎನ್ನುತ್ತಾರೆ. ಒಮ್ಮೆ ಧೈರ್ಯ ಮಾಡಿ ಬೇರೊಬ್ಬನಲ್ಲಿ ಕೇಳಿದ್ದೆ. ಅವನು ನಿಜಕ್ಕೂ ನೊಂದುಕೊಂಡು, "ನಮ್ಮ ನಡುವೆ ಅದೆಲ್ಲ ಎಂತಕ್ಕೆ?" ಎಂದ. ಆಮೇಲೆ ಅವನನ್ನು ಸಮಾಧಾನ ಮಾಡುವ ಕೆಲಸವೂ ನನ್ನ ತಲೆಗೇ ಬಂತು.

ತಮಾಷೆ ಎಂದರೆ, 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ನನ್ನ ಪರ. ಅದರ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಬಿಟ್ಟಿ ತೆಗೆದುಕೊಟ್ಟರೆ ಹಕ್ಕು ತೆಗೆದವನಲ್ಲೇ ಉಳಿಯುತ್ತದೆ. ಅಂದರೆ ಸಂಬಳಕ್ಕೆ ಬಂದ ಫೋಟೋಗ್ರಾಫರ್ ಹಕ್ಕು ಬಿಟ್ಟುಕೊಟ್ಟು ಮನೆಗೆ ಹೋದ, ಪುಕ್ಕಟೆ ಬಂದ ನಾನು ಮದುಮಗಳ ನಾಚಿಕೆಯ ಧಣಿ! ಪ್ರತಿಫಲ ಪಡೆಯದಿದ್ದರೆ ಎಂಬ ಮಾತು ಓದಿದ ಮೇಲೆ, ಹೋಳಿಗೆ ಸಿಗದೆ ಹೋದದ್ದು ಒಳ್ಳೆಯದೇ ಆಯಿತು ಅನ್ನಿಸಿತು. 57ನೇ ಸೆಕ್ಷನ್ ಇನ್ನೂ ಉದಾರಿ. ಹಕ್ಕನ್ನು ಮಾರಿದರೂ ಇದು ನನ್ನದು ಎಂದು ಹೇಳುವ ಅಧಿಕಾರ ಹೋಗುವುದಿಲ್ಲ, ಮಾನ ಹೋಗುವ ಹಾಗೆ ಕೃತಿಯನ್ನು ವಿರೂಪ ಮಾಡಿದರೆ ತಡೆಯಲೂಬಹುದು. ಆದರೆ ಸೆಕ್ಷನ್ ಹಿಡಿದುಕೊಂಡು ಗೆಳೆಯನ ಮನೆಯ ಚಾವಡಿ ಹತ್ತಲು ಆಗುತ್ತದೆಯೇ?

ಉಪಾಯ ಮಾಡಿ ನೋಡಿದ್ದೇನೆ. ಕ್ಯಾಮೆರಾದ ಮೆನುವಿನಲ್ಲಿ ನನ್ನ ಹೆಸರು ಬರೆದಿಟ್ಟೆ. ತೆಗೆದ ಪ್ರತಿ ಫೋಟೋದ ಹೊಟ್ಟೆಯೊಳಗೆ ಅದು ಸೇರಿಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೋಟೋವನ್ನು ಹಿಂಡಿ, ಹೆಸರನ್ನೂ ತೊಳೆದು ಅತ್ತ ದಾಟಿಸುತ್ತದೆ. ಆಮೇಲೆ ಮೂಲೆಯಲ್ಲಿ ಸಣ್ಣಕ್ಕೆ ಹೆಸರು ಅಚ್ಚೊತ್ತಿದೆ. ಕ್ರಾಪ್ ಮಾಡಿದರು. ನಡುವಿಗೆ ತಂದೆ. "ಮಗುವಿನ ಮೂಗಿನ ಮೇಲೆ ನಿನ್ನ ಹೆಸರು ಎಂತ ಸಾವು!" ಎಂದು ಬೈದರು. ಬೈದದ್ದು ಸರಿಯೇ, ನೋಡಲು ಅಸಹ್ಯವಾಗಿತ್ತು.

ಈ ವಿದ್ಯೆ ಗೊತ್ತಿದ್ದದ್ದು ದಾಸರಿಗೆ. ರಥಬೀದಿಯಲ್ಲಿ ಕನಕನ ಕಿಂಡಿಯ ಎದುರು ನಿಂತಾಗೆಲ್ಲ ನನಗೆ ಭಕ್ತಿಗಿಂತ ಮೊದಲು ಅಸೂಯೆ ಬರುತ್ತದೆ. 'ಕಾಗಿನೆಲೆಯಾದಿಕೇಶವ' ಎಂದರೆ ಕನಕದಾಸರು, 'ಹಯವದನ' ಎಂದರೆ ವಾದಿರಾಜರು. ಇಟ್ಟದ್ದು ದೇವರ ಹೆಸರು, ತಿಳಿಯುವುದು ಬರೆದವರು ಯಾರೆಂದು. ಕೀರ್ತನೆಯ ಕೊನೆಯ ಚರಣವನ್ನು ಕ್ರಾಪ್ ಮಾಡಿ ಹಾಡುವ ಧೈರ್ಯ ಯಾರಿಗಿದೆ?

ನಾನೇನು ಸಾಚಾ ಅಲ್ಲ. ನನ್ನ ಫೇಸ್‌ಬುಕ್ಕಿನಲ್ಲಿ ಐದು ವರ್ಷದಿಂದ ಇರುವ ಮುಖ ಮಲ್ಪೆಯ ದಕ್ಕೆಯಲ್ಲಿ ಒಬ್ಬ ಗೆಳೆಯ ತೆಗೆದದ್ದು. ಬೂತಾಯಿ ಮೀನಿನ ಬುಟ್ಟಿಗಳ ನಡುವೆ ನಿಲ್ಲಿಸಿ, ಬೆಳಕು ಬರುವವರೆಗೆ ಕಾಯಿಸಿ ತೆಗೆದ. ಅವನ ಹೆಸರು ಹಾಕಿದ್ದೇನೆಯೇ ಎಂದು ಈಗ ಹೋಗಿ ನೋಡಿದೆ. ಇಲ್ಲ.

ಕೊನೆಗೂ ಮೊನ್ನೆ ಆ ಹರಕೆ ಆಟದ ಗೆಳೆಯನೇ ನನ್ನ ಹೆಸರು ಹಾಕಿದ. ಅವನ ಮನೆಯ ಸೀಮಂತದ ಫೋಟೋ. ಕಿಟಕಿಯಿಂದ ಬಂದ ಬೆಳಕಿನಲ್ಲಿ ಅವನ ಹೆಂಡತಿ ಮುಡಿದ ಮಲ್ಲಿಗೆಯ ಒಂದೊಂದು ಮೊಗ್ಗೂ ಎಣಿಸುವ ಹಾಗೆ ಕಾಣುತ್ತಿದ್ದ ಚಿತ್ರ. ವಾಟ್ಸಾಪ್ ಸ್ಟೇಟಸ್ ತೆರೆದರೆ, ಮುಖಗಳೆಲ್ಲ ಗೋಧಿಹಿಟ್ಟು ಬಳಿದಷ್ಟು ಬೆಳ್ಳಗೆ, ಸುತ್ತ ಹಾರುವ ನೇರಳೆ ಚಿಟ್ಟೆಗಳು, ಮಲ್ಲಿಗೆ ಇದ್ದಲ್ಲಿ ಒಂದು ಬಿಳಿ ಮುದ್ದೆ. ಕೆಳಗೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ನನ್ನ ಹೆಸರು, ಹೊಳೆಯುತ್ತಾ ಆರುತ್ತಾ.

ಕೂಡಲೇ ಫೋನ್ ಮಾಡಿದೆ. "ಮಾರಾಯ, ಒಂದು ಉಪಕಾರ ಮಾಡು, ನನ್ನ ಹೆಸರು ತೆಗಿ."

"ನಿನ್ನದೊಂದು ಕತೆಯೇ. ಹಾಕದಿದ್ದರೆ ಮುಖ ದಪ್ಪ ಮಾಡ್ತಿ, ಹಾಕಿದರೆ ತೆಗಿ ಅಂತಿ" ಎಂದು ನಕ್ಕ. "ಅದಿರ್ಲಿ, ಇನ್ನೆರಡು ತಿಂಗಳಲ್ಲಿ ಮಗುವಿನ ನಾಮಕರಣ. ಹೇಗೂ ಬರ್ತೀಯಲ್ಲ?"