ಎಂಬತ್ತೈದಕ್ಕೆ ಬಂದ ಹೊಸ ಕಾಯಿಲೆ

ಸ್ಕಿಜೋಫ್ರೇನಿಯಾ ಅನ್ನೋ ಗಂಭೀರ ಮಾನಸಿಕ ಕಾಯಿಲೆ ಸಾಮಾನ್ಯವಾಗಿ ಹರೆಯದಲ್ಲಿ, ತಡವಾದರೆ ಮೂವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ ಅಂತ ಡಾಕ್ಟರುಗಳು ಹೇಳುತ್ತಾರೆ. ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಮಾತ್ರ ಅದಕ್ಕೆ ತಾಳ್ಮೆ ಜಾಸ್ತಿ. ಅಜ್ಜಿಗೆ ಎಂಬತ್ತೈದಾಗಲಿ ಅಂತ ಕಾಯುತ್ತದೆ. (ಅಲ್ಲಿನ ನರ್ಸಿಂಗ್ ಹೋಮ್ ಅಂದರೆ ನಮ್ಮ ಹೆರಿಗೆ ಆಸ್ಪತ್ರೆ ಅಲ್ಲ, ಹೆಚ್ಚಾಗಿ ವಯಸ್ಸಾದವರು ಉಳಿಯುವ ಜಾಗ.)

ಬಾಗಿಲಲ್ಲಿ ಕಾವಲಿಲ್ಲ ಅಂತಲ್ಲ. ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಮಾನ್ಯತೆ ಇರುವ ಹೋಮಿಗೆ ಸೇರುವ ಮುಂಚೆ ಪ್ಯಾಸಾರ್ ಅನ್ನೋ ತಪಾಸಣೆ ಆಗಬೇಕು. ಇದು 1987ರ ಕಾನೂನು. ಮೊದಲ ಫಾರಂನಲ್ಲಿ ಗಂಭೀರ ಮಾನಸಿಕ ಕಾಯಿಲೆಯ ಅನುಮಾನ ಬಂದರೆ ಎರಡನೇ ಹಂತ. ಇವರು ಇಲ್ಲೇ ಇರಬೇಕಾ, ಬೇರೆ ಚಿಕಿತ್ಸೆ ಬೇಕಾ ಅಂತ ರಾಜ್ಯ ಸರ್ಕಾರ ತೀರ್ಮಾನಿಸುತ್ತದೆ. ಮುಖ್ಯ ಕಾಯಿಲೆ ಮರೆವಿನದೇ (ಡಿಮೆನ್ಷಿಯಾ) ಆಗಿದ್ದರೆ ಎರಡನೇ ಹಂತ ಬೇಡ.

ಹಾಗೆ ಒಳಗೆ ಬಂದ ಅಜ್ಜಿ ರಾತ್ರಿ ಕೂಗುತ್ತಾಳೆ. ಪಕ್ಕದಲ್ಲಿ ಕೂತು ಸಮಾಧಾನ ಮಾಡಲು ಜನ ಬೇಕು, ಜನಕ್ಕೆ ಸಂಬಳ ಬೇಕು. ಮಾತ್ರೆ ಅಗ್ಗ. ಆದರೆ ಮನೋರೋಗದ ಈ ಮಾತ್ರೆಗಳಿಂದ ಮರೆವಿನ ಕಾಯಿಲೆಯ ಹಿರಿಯರಿಗೆ ಸಾವಿನ ಅಪಾಯ ಹೆಚ್ಚು ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಹಾಗಾಗಿ ಎಷ್ಟು ಜನಕ್ಕೆ ಕೊಟ್ಟಿರಿ ಅಂತ ಸರ್ಕಾರ ಲೆಕ್ಕ ಇಡುತ್ತದೆ. ಜಾಸ್ತಿ ಆದರೆ ಗುಣಮಟ್ಟಕ್ಕೆ ಸರ್ಕಾರ ಹೋಮಿಗೆ ಕೊಡುವ ಸ್ಟಾರ್‌ಗೆ ಪೆಟ್ಟು. ಸ್ಕಿಜೋಫ್ರೇನಿಯಾ ಸೇರಿ ಮೂರು ಕಾಯಿಲೆ ಇದ್ದವರನ್ನು ಮಾತ್ರ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಂದಿನದು ನಿಮಗೇ ಗೊತ್ತಾಯಿತಲ್ಲ! ಅಜ್ಜಿಯ ಫೈಲಿಗೆ ಒಂದು ಸಾಲು ಸೇರಿತು. ಸ್ಟಾರ್ ಉಳಿಯಿತು. 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ದಾಖಲೆ ಕೆದಕಿದಾಗ, ಹೋಮ್‌ಗಳಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಅಂತ ಬರೆದಿತ್ತು. ಹೊರಗಿನ ಜನರಲ್ಲಿ ಸುಮಾರು 150ಕ್ಕೆ ಒಬ್ಬರು. ನಿಜವಾದ ರೋಗಿಗಳೂ ಅಲ್ಲಿದ್ದಾರೆ ಅನ್ನಿ. ಈ ಗಲಾಟೆಯಲ್ಲಿ ಅವರನ್ನು ಯಾರು ಕೇಳಬೇಕು?

ಇಷ್ಟು ದೊಡ್ಡ ಕಾಯಿಲೆ ಹೊಸದಾಗಿ ಬಂದರೆ ಮತ್ತೆ ಪ್ಯಾಸಾರ್‌ಗೆ ತಿಳಿಸಬೇಕು ಅಲ್ವಾ? ವರ್ಷಕ್ಕೊಮ್ಮೆ ತಾನಾಗಿ ಆಗುತ್ತಿದ್ದ ಮರುತಪಾಸಣೆಯನ್ನು 1996ರಲ್ಲಿ ಕೈಬಿಟ್ಟರು. ದೊಡ್ಡ ಬದಲಾವಣೆ ಕಂಡರೆ ಹೋಮಿನವರೇ ಹೇಳಲಿ ಅಂದರು. ಹೋಮಿನವರನ್ನು ಕೇಳಿ ನೋಡಿ. 'ಅಯ್ಯೋ, ಅಷ್ಟೊಂದೇನೂ ಇಲ್ಲ ಬಿಡಿ. ಸ್ಟಾರ್‌ಗೆ ಸಾಕಾಗುವಷ್ಟು ಹುಚ್ಚು, ಫಾರಂ ತುಂಬುವಷ್ಟಲ್ಲ' ಅಂದಾರು.

2023ರಲ್ಲಿ ಸರ್ಕಾರಕ್ಕೆ ಎಚ್ಚರವಾಗಿ ಈ ಸ್ಕಿಜೋಫ್ರೇನಿಯಾ ದಾಖಲೆಗಳ ಆಡಿಟ್ ಶುರುವಾಯಿತು. ತಪ್ಪಾಗಿದೆ ಅಂತ ಮೊದಲೇ ಒಪ್ಪಿಕೊಂಡ ಹೋಮಿಗೆ ಶಿಕ್ಷೆಯಲ್ಲಿ ರಿಯಾಯಿತಿ ಸಿಗಬಹುದಂತೆ. ಮಾತ್ರೆ ನುಂಗಿದ ಅಜ್ಜಿಗೆ ಎಷ್ಟು ರಿಯಾಯಿತಿ?