ಯಾರಿಂದ ಎಂದು ಬರೆಯಬೇಕಾಗಿಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ. ಹೈಸ್ಕೂಲಿನ ಗೇಟಿನಲ್ಲಿ ನಿಂತು ಕೂಗಿದರೆ ಕೇಳುವಷ್ಟು ದೂರ. ಅಡಿಕೆಯವರಿಗೆ ಕೊಯ್ಲಿನ ಕಾಲ ಹೇಗೋ ನನಗೆ ಫೆಬ್ರವರಿ ಹಾಗೆ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಇರುತ್ತದಲ್ಲ, ಸಂಜೆ ನಾಲ್ಕರ ಬೆಲ್ಲು ಹೊಡೆದರೆ ಅಂಗಡಿ ಮುಂದೆ ಬರೀ ಬ್ಯಾಗುಗಳೇ. ಆ ಬ್ಯಾಗುಗಳಿಂದ ಹೊರಬರುವುದರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಗ್ರಾಮರ್ ವರ್ಕ್‌ಶೀಟ್. ಪುಟಕ್ಕೆ ಎರಡು ರೂಪಾಯಿ. ಹಾಗಾಗಿ ಈ ಲೇಖನದಲ್ಲಿ ನಾನು ಯಾರನ್ನು ಬೈದರೂ, ಅವರ ಪಾಪದಲ್ಲಿ ನನಗೂ ಪುಟಕ್ಕೆ ಎರಡು ರೂಪಾಯಿ ಪಾಲು ಉಂಟು ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ.

ವರ್ಷಗಟ್ಟಲೆ ಕಾಪಿ ತೆಗೆದು ತೆಗೆದು ನನಗೆ ಆ ವರ್ಕ್‌ಶೀಟಿನೊಳಗಿನ ಜನರೆಲ್ಲ ಪರಿಚಯ ಆಗಿಬಿಟ್ಟಿದ್ದಾರೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ರಾಮ ಒಂದು ಮಾವಿನಹಣ್ಣು ತಿನ್ನುತ್ತಿದ್ದ. ಇವತ್ತಿಗೂ ತಿನ್ನುತ್ತಿದ್ದಾನೆ. ಸೀತಾ ಹಾಡು ಹಾಡುತ್ತಿದ್ದಾಳೆ. ಒಬ್ಬ ಬಡಗಿ ಆಗಿನಿಂದ ಒಂದೇ ಮೇಜು ಮಾಡುತ್ತಿದ್ದಾನೆ, ಮುಗಿಯುವ ಲಕ್ಷಣ ಇಲ್ಲ. ಅದನ್ನು ಪ್ರೆಸೆಂಟ್ ಕಂಟಿನ್ಯುವಸ್ ಅನ್ನುತ್ತಾರಂತೆ. ನಮ್ಮ ಮನೆಯ ಅಟ್ಟದ ಕೆಲಸ ಹಿಡಿದವನೂ ಅದೇ ಟೆನ್ಸಿನಲ್ಲಿದ್ದಾನೆ, ಆ ಮಾತು ಬೇರೆ.

ಈ ರಾಮನ ಹಣ್ಣನ್ನು ಮಕ್ಕಳು ದಿನಾ ತಿರುಗಿಸಬೇಕು. 'ರಾಮ ಹಣ್ಣು ತಿಂದ' ಅನ್ನುವುದು ಆ್ಯಕ್ಟಿವ್. 'ಹಣ್ಣು ರಾಮನಿಂದ ತಿನ್ನಲ್ಪಟ್ಟಿತು' ಅನ್ನುವುದು ಪ್ಯಾಸಿವ್. ಹೀಗೆ ಯಾರಾದರೂ ಮಾತಾಡುತ್ತಾರಾ? ನಮ್ಮಲ್ಲಿ ಮನೆಗೆ ಬಂದು 'ಅಜ್ಜಿ, ಅನ್ನ ನನ್ನಿಂದ ಉಣ್ಣಲ್ಪಟ್ಟಿತು' ಎಂದರೆ ಅಜ್ಜಿ ದೃಷ್ಟಿ ತೆಗೆಸಲು ಓಡುತ್ತಾಳೆ. ಕನ್ನಡದಲ್ಲಿ 'ಊಟ ಆಯ್ತು' ಅಂದರೆ ಮುಗಿಯಿತು. ಆದರೂ ನಮ್ಮ ಮಕ್ಕಳು ಹಣ್ಣು ತಿರುಗಿಸುತ್ತಾರೆ, ಪತ್ರ ತಿರುಗಿಸುತ್ತಾರೆ, ಹಾವು ಕೊಂದವನನ್ನು ತಿರುಗಿಸುತ್ತಾರೆ. ಒಂದು ಇಂಗ್ಲಿಷ್ ಕಥೆ ಪುಸ್ತಕ ಮಾತ್ರ ತಿರುಗಿಸಿ ನೋಡುವುದಿಲ್ಲ. ಅದು ಶಾಲೆಯ ಬೀರುವಿನಲ್ಲಿದೆ. ಮಕ್ಕಳು ಮುಟ್ಟಿದರೆ ಹಾಳಾಗುತ್ತದೆ ಅಂತ ಬೀಗ ಹಾಕಿದ್ದಾರೆ. ಕೀಲಿ ಇಟ್ಟುಕೊಂಡಿದ್ದ ಸರ್‌ಗೆ ತಿರುವನಂತಪುರದ ಕಡೆಗೆ ವರ್ಗ ಆಗಿದೆ. ಕೀಲಿಗೂ ವರ್ಗ ಆಗಿದೆಯೋ ಏನೋ.

ಓದುವುದಕ್ಕೆ ಅಂತ ಬೇರೆ ಅಭ್ಯಾಸ ಇದೆಯಲ್ಲ, 'ರೀಡ್ ದ ಪ್ಯಾಸೇಜ್' ಅಂತ, ಅದನ್ನು ಕೇಳಿ. ಒಂದು ಸಂಜೆ ಹತ್ತನೇ ಕ್ಲಾಸಿನ ಹುಡುಗನೊಬ್ಬ ಬಂದಿದ್ದ. ಹೆಸರು ಬೇಡ, ಪುಟ್ಟ ಅನ್ನೋಣ. ಮೆಷಿನಿನಲ್ಲಿ ಅವನ ನಲವತ್ತು ಕಾಪಿ ಓಡುತ್ತಿತ್ತು. ಅಷ್ಟರಲ್ಲಿ ಅವನು ಕೌಂಟರಿನ ಮೇಲೆ ಮೊಣಕೈ ಊರಿ ಇನ್ನೊಂದು ಶೀಟಿನ ಐದು ಪ್ರಶ್ನೆಗೆ ಉತ್ತರ ಬರೆದು ಮುಗಿಸಿದ. ಪ್ಯಾಸೇಜ್ ಓದಲೇ ಇಲ್ಲ. ಮೊದಲು ಪ್ರಶ್ನೆ ನೋಡಿದ, ಪ್ರಶ್ನೆಯಲ್ಲಿದ್ದ ಒಂದು ಶಬ್ದವನ್ನು ಪ್ಯಾಸೇಜಿನಲ್ಲಿ ಹುಡುಕಿದ, ಸಿಕ್ಕಿದ ಸಾಲನ್ನು ಇಳಿಸಿದ. ಹೊಳೆಯಲ್ಲಿ ಮೀನು ಹಿಡಿದ ಹಾಗೆ. ಹೊಳೆ ಯಾವುದು ಅಂತ ಮೀನು ಹಿಡಿಯುವವನಿಗೆ ಯಾಕೆ?

ನನಗೆ ಒಂದು ಕುಚೋದ್ಯ ಹೊಳೆಯಿತು. ಕಂಪ್ಯೂಟರಿನಲ್ಲಿ ಕೂತು ನಾನೇ ಒಂದು ಪ್ಯಾಸೇಜ್ ಟೈಪ್ ಮಾಡಿದೆ. 'ವನ್ಸ್ ಎ ಮುರ್ಪ್ ಟ್ರಾಂಬ್ಡ್ ದ ಗಿಲ್ಲಿಸ್ ನಿಯರ್ ಎ ಝೋಡ್. ದ ಗಿಲ್ಲಿಸ್ ವರ್ ವೆರಿ ಪ್ಲೋಕಿ. ಸೋ ದ ಮುರ್ಪ್ ಫೆಲ್ಟ್ ಡ್ರೂಜ್.' ಡಿಕ್ಷನರಿ ತೆಗೆಯಬೇಡಿ. ಮುರ್ಪ್, ಗಿಲ್ಲಿಸ್, ಝೋಡ್ ಎಲ್ಲವೂ ನನ್ನ ಅಂಗಡಿಯಲ್ಲೇ ಹುಟ್ಟಿದವು. ಕೆಳಗೆ ಪ್ರಶ್ನೆ ಹಾಕಿದೆ. ಗಿಲ್ಲಿಸನ್ನು ಟ್ರಾಂಬ್ ಮಾಡಿದ್ದು ಯಾರು? ಎಲ್ಲಿ? ಮುರ್ಪ್‌ಗೆ ಡ್ರೂಜ್ ಅನಿಸಿದ್ದು ಯಾಕೆ? ಮೊದಲ ವಾಕ್ಯದ ವಾಯ್ಸ್ ಬದಲಿಸಿ. ಸೂಕ್ತ ಶೀರ್ಷಿಕೆ ಕೊಡಿ.

ಪುಟ್ಟ ಮೂರು ನಿಮಿಷದಲ್ಲಿ ಮುಗಿಸಿದ. ಐದಕ್ಕೆ ಐದು. 'ದ ಗಿಲ್ಲಿಸ್ ವರ್ ಟ್ರಾಂಬ್ಡ್ ಬೈ ಎ ಮುರ್ಪ್' ಅಂತ ವಾಯ್ಸ್ ಬದಲಾಯಿಸಿದ್ದ. ಒಂದು ತಪ್ಪಿಲ್ಲ. ಶೀರ್ಷಿಕೆ 'ದ ಕೈಂಡ್ ಮುರ್ಪ್'.

"ಮುರ್ಪ್ ಅಂದ್ರೆ ಎಂಥದು ಮಾರಾಯ?" ಅಂತ ಕೇಳಿದೆ.

"ಗೊತ್ತಿಲ್ಲ ಅಣ್ಣ."

"ಗೊತ್ತಿಲ್ಲದೆ ಬರೆದದ್ದು ಹೇಗೆ?"

ಅವನು ನನ್ನನ್ನೇ ಕನಿಕರದಿಂದ ನೋಡಿದ. "ಮುರ್ಪ್ ಅಂದ್ರೆ ಎಂಥ ಅಂತ ಪ್ರಶ್ನೆಯಲ್ಲಿ ಕೇಳಿರ್ಲಿಲ್ಲ ಅಲ್ವಾ?"

ಅಲ್ವಾ. ಈ ಒಂದು ಶಬ್ದದ ಮೇಲೂ ನನ್ನ ಹತ್ತಿರ ವರ್ಕ್‌ಶೀಟ್ ಇದೆ, ಆರು ಪುಟ. ಕ್ವೆಶ್ಚನ್ ಟ್ಯಾಗ್ ಅಂತ. ನಮಗೆ 'ಅಲ್ವಾ' ಅಂದರೆ ಸಾಕು. ನಿನ್ನೆಗೂ ಅಲ್ವಾ, ನಾಳೆಗೂ ಅಲ್ವಾ, ಒಬ್ಬನಿಗೂ ಅಲ್ವಾ, ಊರಿಗೇ ಅಲ್ವಾ. ತುಳುವಿನಲ್ಲಿ 'ಅತ್ತಾ', ಹವ್ಯಕರಲ್ಲಿ 'ಅಲ್ಲದಾ', ಮಲಯಾಳದಲ್ಲಿ 'ಅಲ್ಲೇ'. ಚಂದ್ರಗಿರಿ ಹೊಳೆ ದಾಟಿ ಎತ್ತ ಹೋದರೂ ಒಂದೇ ಅಳತೆಯ ಚಪ್ಪಲಿ. ಇಂಗ್ಲಿಷಿನಲ್ಲಿ ಹಾಗಲ್ಲ. ಅವನು ಬಂದರೆ 'ಡಿಡಂಟ್ ಹಿ', ಅವಳು ಬಂದರೆ 'ಡಿಡಂಟ್ ಶಿ', ಬರದಿದ್ದರೆ 'ಡಿಡ್ ಶಿ'. 'ಐ ಆ್ಯಮ್' ಬಂದರೆ ಬಾಲಕ್ಕೆ 'ಆರೆಂಟ್ ಐ' ಹಾಕಬೇಕು. ಆ್ಯಮ್ ಇದ್ದದ್ದು ಆರ್ ಆಗುವುದು ಯಾಕೆ ಅಂತ ಕೇಳಿದರೆ ಟ್ಯೂಷನಿನ ಮಾಸ್ಟ್ರು ಹೇಳುವ ಉತ್ತರ ಒಂದೇ: "ಎರಡು ಮಾರ್ಕು ಉಂಟು, ಸುಮ್ನೆ ಬರಿ."

ಪುಟ್ಟನ ಪ್ರೋಗ್ರೆಸ್ ಕಾರ್ಡ್ ನಾನು ನೋಡಿದ್ದೇನೆ. ಲ್ಯಾಮಿನೇಷನ್ನಿಗೆ ಬಂದಿತ್ತು. 'ಭಾಷೆಯಲ್ಲಿ ಹಿಂದಿದ್ದಾನೆ, ಹೆಚ್ಚಿನ ಅಭ್ಯಾಸ ಬೇಕು' ಅಂತ ಬರೆದಿದ್ದರು. ಈ ಭಾಷೆಯಲ್ಲಿ ಹಿಂದಿರುವ ಹುಡುಗ ಮನೆಯಲ್ಲಿ ತುಳು ಮಾತಾಡುತ್ತಾನೆ. ಓದುವುದು ಕನ್ನಡ ಮಾಧ್ಯಮದಲ್ಲಿ. ಬಸ್ಸಿನಲ್ಲಿ, ಸರಕಾರದ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ, ರೇಷನ್ ಅಂಗಡಿಯಲ್ಲಿ ಮಲಯಾಳ. ಮೊಬೈಲಿನ ಆಟದಲ್ಲಿ ಬೈಯುವುದು ಹಿಂದಿಯಲ್ಲಿ.

ಮೊನ್ನೆ ಅಜ್ಜಿಯ ಪಿಂಚಣಿ ಕೆಲಸಕ್ಕೆ ಅವನನ್ನೇ ಕರೆದುಕೊಂಡು ಹೋಗಿದ್ದರು. ನಾನೂ ಅದೇ ಸಾಲಿನಲ್ಲಿ ನಿಂತಿದ್ದೆ. ಒಂದು ಗಂಟೆ ಕಾದು ಅಜ್ಜಿಗೆ ಕಾಲು ನೋವು. ತುಳುವಿನಲ್ಲಿ ಸರೀ ಬೈದರು. ಕುರ್ಚಿಯಲ್ಲಿ ಕೂತವನಿಗೆ ಕಣ್ಣು ಕಾಣುವುದಿಲ್ಲವಾ, ಅವನ ತಾಯಿ ಅವನಿಗೆ ಗಂಜಿ ಕೊಟ್ಟು ಬೆಳೆಸಿದ್ದಾ ಹಿಂಡಿ ಕೊಟ್ಟು ಬೆಳೆಸಿದ್ದಾ ಅಂತ. ಕುರ್ಚಿಯವರು ತಲೆ ಎತ್ತಿ, ಅಜ್ಜಿ ಏನು ಹೇಳುತ್ತಿದ್ದಾರೆ ಅಂತ ಮಲಯಾಳದಲ್ಲಿ ಕೇಳಿದರು. ಪುಟ್ಟ ಅರೆಕ್ಷಣವೂ ಯೋಚಿಸಲಿಲ್ಲ. ಇನ್ನು ಎಷ್ಟು ಹೊತ್ತಾಗಬಹುದು ಅಂತ ಕೇಳುತ್ತಿದ್ದಾರೆ ಅಂತ ಚೊಕ್ಕ ಮಲಯಾಳದಲ್ಲಿ ಹೇಳಿದ. ಹತ್ತು ನಿಮಿಷ ಅಂತ ಅವರೆಂದರು. ಅದನ್ನು ತುಳುವಿಗೆ ತಿರುಗಿಸಿ, 'ನಿಮ್ಮ ಕಾಗದ ಈಗ ತೆಗೆದರು' ಅಂತ ಅಜ್ಜಿಗೆ ಒಂದು ಸಮಾಧಾನವನ್ನೂ ಸೇರಿಸಿದ. ಇದಕ್ಕಿಂತ ಒಳ್ಳೆಯ ರಿಪೋರ್ಟೆಡ್ ಸ್ಪೀಚ್ ವಿಶ್ವಸಂಸ್ಥೆಯಲ್ಲೂ ನಡೆಯಲಿಕ್ಕಿಲ್ಲ. ವರ್ಕ್‌ಶೀಟಿನ ರಿಪೋರ್ಟೆಡ್ ಸ್ಪೀಚಿನಲ್ಲಿ ಅವನಿಗೆ ಐದರಲ್ಲಿ ಎರಡು. 'ಟುಮಾರೋ' ಇದ್ದದ್ದನ್ನು 'ದ ನೆಕ್ಸ್ಟ್ ಡೇ' ಮಾಡಲು ಮರೆತಿದ್ದನಂತೆ.

ಇನ್ನು ಕ್ಲಾಸಿನೊಳಗೆ ನಡೆಯುವುದು. ನಾನು ಒಳಗೆ ಹೋಗಿ ನೋಡಿದ್ದಲ್ಲ, ಮಕ್ಕಳು ಹೇಳಿದ್ದು. ಗಣಿತಕ್ಕೆ ಹೊಸ ಟೀಚರ್ ಬಂದಿದ್ದಾರೆ, ಒಳ್ಳೆಯವರು, ಕನ್ನಡ ಬರುವುದಿಲ್ಲ. ಮಕ್ಕಳಿಗೆ ಗಣಿತದ ಮಲಯಾಳ ಬರುವುದಿಲ್ಲ. ಕೊನೆಗೆ ಇಬ್ಬರೂ ಇಂಗ್ಲಿಷಿಗೆ ಬಂದು ರಾಜಿಯಾಗುತ್ತಾರೆ. ಇಂಗ್ಲಿಷ್ ಕ್ಲಾಸಿನಲ್ಲಿ ಮಾತ್ರ ಇಂಗ್ಲಿಷ್ ಮಾತಾಡುವಂತಿಲ್ಲ, ಯಾಕೆಂದರೆ ಅಲ್ಲಿ ಗ್ರಾಮರ್ ಅರ್ಥ ಆಗಬೇಕು. ಹಾಗಾಗಿ ಅದನ್ನು ಮಲಯಾಳದಲ್ಲಿ ವಿವರಿಸುತ್ತಾರೆ. ಮಲಯಾಳ ಚೆನ್ನಾಗಿ ಬರುವ ಹುಡುಗ ಅದನ್ನು ಹಿಂದಿನ ಬೆಂಚಿಗೆ ಕನ್ನಡದಲ್ಲಿ ದಾಟಿಸುತ್ತಾನೆ. ಹಿಂದಿನ ಬೆಂಚು ತುಳುವಿನಲ್ಲಿ ನಗುತ್ತದೆ. ಹಾಗೆ ನೋಡಿದರೆ ನಮ್ಮ ಶಾಲೆಯಲ್ಲಿ ಇಂಗ್ಲಿಷಿನ ಅಭ್ಯಾಸ ಚೆನ್ನಾಗಿಯೇ ನಡೆಯುತ್ತಿದೆ, ಟೈಮ್ ಟೇಬಲ್ಲಿನಲ್ಲಿ ಅದಕ್ಕೆ ಗಣಿತ ಅಂತ ಹೆಸರಿಟ್ಟಿದ್ದಾರೆ ಅಷ್ಟೆ.

ಕನ್ನಡ ಬಾರದ ಟೀಚರನ್ನು ಕನ್ನಡ ಮಾಧ್ಯಮಕ್ಕೆ ಹಾಕುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಇದಕ್ಕಾಗಿ ಮಕ್ಕಳು ಹೊರಗೆ ಕೂತು ಪ್ರತಿಭಟಿಸಿದ್ದೂ ಆಗಿದೆ, ಕೋರ್ಟು ಹತ್ತಿದ್ದೂ ಆಗಿದೆ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಸೇರಿಸಿದರು ಅಲ್ಲ, ಕ್ಷಮಿಸಿ, ಸೇರಿಸಲಾಯಿತು. 1967ರಲ್ಲಿ, ರಾಜ್ಯಗಳ ಗಡಿ ತಕರಾರು ನೋಡಲು ಕೂರಿಸಿದ್ದ ಮಹಾಜನ ಆಯೋಗದ ವರದಿ ಬಂತು. ಚಂದ್ರಗಿರಿಯ ಬಡಗು ದಿಕ್ಕಿನದ್ದು ಕರ್ನಾಟಕಕ್ಕೆ ಹೋಗಬೇಕು ಅಂತ ಶಿಫಾರಸು ಮಾಡಲಾಯಿತು. ಪರಿಶೀಲಿಸಲಾಗುವುದು ಎನ್ನಲಾಯಿತು. ನೋಡಿ, ಪ್ಯಾಸಿವ್ ವಾಯ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಮಕ್ಕಳು ಕೇಳುತ್ತಿದ್ದರಲ್ಲ. ಮಾವಿನಹಣ್ಣಿಗಲ್ಲ ಅದು ಇರುವುದು.

ರಿಸಲ್ಟ್ ಮಾತ್ರ ಬಂಗಾರ. 2024ರಲ್ಲಿ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದವರು ಶೇಕಡಾ 99.69. ಎಲ್ಲ ವಿಷಯಕ್ಕೂ ಎ ಪ್ಲಸ್ ಬಂದವರೇ 71,831 ಮಂದಿ. ಅವರಲ್ಲಿ ನಮ್ಮೂರಿನವರದ್ದೆಲ್ಲ ಪೇಟೆಯಲ್ಲಿ ಫ್ಲೆಕ್ಸ್ ಬಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡು ಕಾಣದಷ್ಟು ಫ್ಲೆಕ್ಸ್. ನನಗನಿಸುವುದು, ಫೇಲಾದವನ ಫ್ಲೆಕ್ಸ್ ಹಾಕಬೇಕು, ಅಪರೂಪದವನು ಅವನೇ. ಈ ರಿಸಲ್ಟ್ ನೋಡಿ ಸರಕಾರಕ್ಕೇ ಸಂಶಯ ಬಂದಿರಬೇಕು. 2024-25ರಿಂದ ಎಂಟನೇ ಕ್ಲಾಸಿನಲ್ಲಿ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಕನಿಷ್ಠ ಶೇಕಡಾ 30 ಬೇಕೇ ಬೇಕು ಅಂತ ಮಾಡಿತು. ಬರದವರಿಗೆ ರಜೆಯಲ್ಲಿ ಹೆಚ್ಚಿನ ಕ್ಲಾಸು. ಹೆಚ್ಚಿನ ಕ್ಲಾಸಿಗೆ ಹೆಚ್ಚಿನ ವರ್ಕ್‌ಶೀಟ್. ನನಗೆ ಟೋನರು ಸಾಲುತ್ತಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಮೊದಲ 15 ನಿಮಿಷ ಏನೂ ಬರೆಯಬಾರದು, ಬರೀ ಓದಬೇಕು. ಕೂಲ್ ಆಫ್ ಟೈಮ್ ಅಂತ ಹೆಸರು. ವರ್ಷವಿಡೀ ಬರೆದು ಬರೆದು ಬಿಸಿಯಾದವರು ತಣ್ಣಗಾಗಲಿ ಅಂತ ಇರಬೇಕು. ಅವಸರ ಇಲ್ಲದೆ ಇಂಗ್ಲಿಷನ್ನು ಸುಮ್ನೆ ಕೂತು ಓದಲು ನಮ್ಮ ಮಕ್ಕಳಿಗೆ ಸಿಗುವ ಸಮಯ ಅದೊಂದೇ. ಆಗ ಏನು ಮಾಡುತ್ತಾರೆ ಅಂತ ಪುಟ್ಟನ ಅಕ್ಕನನ್ನು ಕೇಳಿದೆ. ಗಡಿಯಾರ ನೋಡುತ್ತಾರಂತೆ.

ಮುರ್ಪ್ ವಿಷಯ ಅಲ್ಲಿಗೇ ಮುಗಿಯಲಿಲ್ಲ. ನಾನು ಟೈಪ್ ಮಾಡಿದ ಆ ಶೀಟು ಹೇಗೋ ಟ್ಯೂಷನಿನ ಕಟ್ಟಿನೊಳಗೆ ಸೇರಿ ಹೋಗಿತ್ತು. ವಾರ ಕಳೆದು ಇನ್ನೊಂದು ಹುಡುಗಿ ಅದನ್ನೇ ಹಿಡಿದುಕೊಂಡು ಕಾಪಿಗೆ ಬಂದಳು. ಉತ್ತರಗಳಿಗೆ ಕೆಂಪು ಶಾಯಿಯಲ್ಲಿ ಟಿಕ್ ಬಿದ್ದಿತ್ತು. ಮೇಲೆ ಮೂರು ಸ್ಟಾರ್ ಹಾಕಿ 'ವೆರಿ ಇಂಪಾರ್ಟೆಂಟ್' ಅಂತ ಬರೆದಿದ್ದರು. 'ದ ಕೈಂಡ್ ಮುರ್ಪ್' ಹೊಡೆದು ಹಾಕಿ 'ದ ಬ್ರೇವ್ ಮುರ್ಪ್' ಅಂತ ತಿದ್ದಿದ್ದರು. ನನಗೂ ಅದೇ ಸರಿ ಅನಿಸಿತು, ಗಿಲ್ಲಿಸ್ ಅಷ್ಟು ಪ್ಲೋಕಿ ಇದ್ದರೂ ಹೆದರಲಿಲ್ಲವಲ್ಲ. ಇಪ್ಪತ್ತೈದು ಕಾಪಿ ತೆಗೆದುಕೊಟ್ಟೆ. ಐವತ್ತು ರೂಪಾಯಿ.

ಹೋದ ತಿಂಗಳು ಪುಟ್ಟ ಅವನ ಅಪ್ಪನ ಜೊತೆ ಬಂದಿದ್ದ. ಕನ್ನಡ ಬರುವ ಟೀಚರನ್ನು ಕೊಡಿ ಅಂತ ಹೆತ್ತವರೆಲ್ಲ ಸೇರಿ ಮೇಲಿನ ಕಚೇರಿಗೆ ಅರ್ಜಿ ಹಾಕಿದ್ದರು. ಟೈಪ್ ಮಾಡಿಕೊಟ್ಟದ್ದು ನಾನೇ, ಕನ್ನಡದಲ್ಲಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಉತ್ತರ ಬಂದಿತ್ತು. ಇಂಗ್ಲಿಷಿನಲ್ಲಿ. ಒಂದೇ ಸಾಲು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಎಂಥ ಬರೆದಿದ್ದಾರೆ ನೋಡು ಮಗ, ಇಷ್ಟು ಟ್ಯೂಷನಿಗೆ ಹೋಗ್ತೀಯಲ್ಲ" ಅಂದರು.

ಪುಟ್ಟ ಓದಿದ. 'ನೆಸೆಸರಿ ಆ್ಯಕ್ಷನ್ ವಿಲ್ ಬಿ ಟೇಕನ್.'

"ಪ್ಯಾಸಿವ್ ವಾಯ್ಸ್ ಅಣ್ಣ," ಅಂತ ನನ್ನ ಕಡೆ ತಿರುಗಿದ. "ಫ್ಯೂಚರ್ ಟೆನ್ಸ್."

"ಆ್ಯಕ್ಟಿವ್ ಮಾಡು ನೋಡುವ," ಅಂದೆ.

ಪೆನ್ನು ತೆಗೆದ. ತುಂಬಾ ಹೊತ್ತು ಕಾಗದವನ್ನೇ ನೋಡಿದ. ಇಷ್ಟು ಹೊತ್ತು ಅವನು ಯಾವ ಪ್ಯಾಸೇಜನ್ನೂ ನೋಡಿದ್ದು ನನಗೆ ನೆನಪಿಲ್ಲ.

"ಆಗ್ಲಿಕ್ಕಿಲ್ಲ ಅಣ್ಣ. ಮಾಡುವವರು ಯಾರು ಅಂತ ಕೊಟ್ಟಿಲ್ಲ." ಆಮೇಲೆ ಪೆನ್ನಿನ ತುದಿ ಕಚ್ಚುತ್ತಾ ಕೇಳಿದ, "ಮುರ್ಪ್ ಅಂತ ಹಾಕ್ಲಾ?"