ಸಿಡ್ನಿಯಲ್ಲಿ ಅಗಾತಾ ವ್ರುಬೆಲ್ ಗೆದ್ದದ್ದು ಬೆಳ್ಳಿ

ಪೋಲೆಂಡಿನ ವೇಟ್‌ಲಿಫ್ಟರ್ ಅಗಾತಾ ವ್ರುಬೆಲ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಮ್ಮ ಕರ್ಣಂ ಮಲ್ಲೇಶ್ವರಿಯನ್ನು ಸೋಲಿಸಿ ಚಿನ್ನ ಗೆದ್ದರು ಅಂತ ಒಂದು ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಇಬ್ಬರೂ ಎದುರಾಗಲೇ ಇಲ್ಲ. ಮಲ್ಲೇಶ್ವರಿ 69 ಕೆ.ಜಿ. ವಿಭಾಗದಲ್ಲಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು. ವ್ರುಬೆಲ್ ಇದ್ದದ್ದು 75 ಕೆ.ಜಿ.ಗಿಂತ ಜಾಸ್ತಿ ತೂಕದವರ ವಿಭಾಗದಲ್ಲಿ. ಅಲ್ಲಿ ಚಿನ್ನ ಚೀನಾದ ಡಿಂಗ್ ಮೇಯುವಾನ್‌ಗೆ ಹೋಯಿತು, 300 ಕೆ.ಜಿ. ಎತ್ತಿ. ವ್ರುಬೆಲ್ ಸ್ನ್ಯಾಚ್‌ನಲ್ಲಿ (ಭಾರವನ್ನು ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು) 132.5, ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಮೊದಲು ಭುಜದವರೆಗೆ, ಆಮೇಲೆ ತಲೆಯ ಮೇಲೆ ಎತ್ತುವುದು) 162.5, ಒಟ್ಟು 295 ಕೆ.ಜಿ. ಎತ್ತಿ ಬೆಳ್ಳಿ ಪಡೆದರು. ಅಂತರ ಬರೀ 5 ಕೆ.ಜಿ.! ಆಗ ಅವರಿಗೆ ಇನ್ನೂ 19 ವರ್ಷ. ಮಹಿಳೆಯರ ವೇಟ್‌ಲಿಫ್ಟಿಂಗ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಇಂಥ ಬೆಳ್ಳಿಗೆ ಸುಮ್ನೆ ಚಿನ್ನದ ಬಣ್ಣ ಬಳಿಯುವ ಅಗತ್ಯವೇ ಇಲ್ಲ, ಅಲ್ವಾ?

ಸಿಡ್ನಿಯ ನಂತರ ಅವರು ಏನೂ ಗೆಲ್ಲಲಿಲ್ಲ ಅಂತಲೂ ಅದೇ ಸಂದೇಶ ಹೇಳುತ್ತದೆ. ಅದೂ ಸುಳ್ಳು. 2002ರಲ್ಲಿ ತಮ್ಮದೇ ದೇಶದ ವಾರ್ಸಾದಲ್ಲಿ ಅವರು ವಿಶ್ವ ಚಾಂಪಿಯನ್ ಆದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 290 ಕೆ.ಜಿ. ಎತ್ತಿ ಕಂಚು ಗೆದ್ದರು. ಸಂದೇಶ ಹಂಚಿಕೊಂಡಿದ್ದರೆ ದಯವಿಟ್ಟು ಸರಿಪಡಿಸಿ.